ಚಳಿ ಬಾರದ ಚಳಿಗಾಲ

ನನ್ನ ಅಣ್ಣನ ಮಗಳು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಸಂಸಾರ ಹೂಡಿದ್ದಾಳೆ. ೨೦೨೪ರ ಜನವರಿಯ ಒಂದು ಮುಂಜಾನೆ ಅವಳು ಫೋನು ಮಾಡಿದಳು. ಯೋಗಕ್ಷೇಮದ ಮಾತೆಲ್ಲ ಮುಗಿದ ಮೇಲೆ, "ಕಾಕಾ, ಈ ವರ್ಷ ನಮ್ಮಲ್ಲಿ ಹಿಮ ಬೀಳೋದ ಅಪರೂಪ ಆಗೇತಿ. ಹುಡುಗರು ಜಾರೋ ಹಲಿಗಿ ತಗದು ಬಾಗಲ ಹಿಂದ ಇಟ್ಕೊಂಡು ದಿನಾ ಕಿಡಕಿ ನೋಡಾಕತ್ತಾವ" ಎಂದಳು. ನಾನು ಆಗ ಹುನಗುಂದ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಬದಿಯಲ್ಲಿದ್ದ ನಮ್ಮ ಅವ್ವನಿಗೆ ಮೊಮ್ಮಗಳ ಮಾತು ಅರ್ಧಮರ್ಧ ಕೇಳಿಸಿತ್ತು. ಏನೆಂದಳೆಂದು ಕೇಳಿದಳು, ಹೇಳಿದೆ. ಅವ್ವ ಕೊಂಚ ಹೊತ್ತು ಸುಮ್ಮನಿದ್ದು, "ಅಲ್ಲೂ ಬರಲಿಲ್ಲೇನು ಥಂಡಿ?" ಎಂದಳು.

ಅವ್ವ ಆಡಿದ ಆ 'ಅಲ್ಲೂ' ಎಂಬ ಪದ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಏಕೆಂದರೆ ಆ ವರ್ಷ ನಮ್ಮ ಊರಿಗೂ ಚಳಿ ಬಂದಿರಲಿಲ್ಲ.

ನಮ್ಮ ಕಡೆ ಹಿಮವನ್ನು ಕಂಡವರಿಲ್ಲ. ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲು ಎಂದೊಡನೆ ಕೇಳುವವರ ಕಣ್ಣ ಮುಂದೆ ಬಿಸಿಲೇ ಬಂದು ನಿಲ್ಲುತ್ತದೆ. ಆದರೆ ಈ ಬಿಸಿಲ ಸೀಮೆಗೂ ತನ್ನದೊಂದು ಚಳಿಗಾಲವುಂಟು. ದೀಪಾವಳಿ ಕಳೆದು ಆಕಾಶ ತಿಳಿಯಾದರೆ ರಾತ್ರಿಯ ಉಷ್ಣತೆ ಸರಸರನೆ ಇಳಿಯತೊಡಗುತ್ತದೆ. ಡಿಸೆಂಬರ್-ಜನವರಿಯ ಕೆಲವು ರಾತ್ರಿಗಳಲ್ಲಿ ಅದು ೧೦ ಡಿಗ್ರಿಯ ಸಮೀಪಕ್ಕೂ ಬರುವುದುಂಟು. ಮುಂಜಾನೆ ಎದ್ದು ಹೊಲಕ್ಕೆ ಹೋದರೆ ಮೊಳಕಾಲವರೆಗೆ ಧೋತರ ತೊಯ್ದು ಹೋಗುವಷ್ಟು ಇಬ್ಬನಿ ಇರುತ್ತದೆ. ಹಿಮದ ನಾಡಿನವರಿಗೆ ಹಿಮ ಹೇಗೋ ನಮಗೆ ಈ ಥಂಡಿ ಮತ್ತು ಇಬ್ಬನಿ ಹಾಗೆ. ಬಂದಾಗ ಬೈದುಕೊಳ್ಳುತ್ತೇವೆ, ಬಾರದಿದ್ದಾಗ ಅದರ ಬೆಲೆ ತಿಳಿಯುತ್ತದೆ.

೨೦೨೩-೨೪ರ ಆ ಚಳಿಗಾಲದಲ್ಲಿ ನಮ್ಮ ಬಂಧು-ಬಳಗದ ನಾಲ್ಕು ಮನೆಗಳಲ್ಲಿ ನಾನು ಕೆಲಕೆಲವು ದಿನ ಇದ್ದು ಬಂದೆ. ನಿವೃತ್ತ ಉಪಾಧ್ಯಾಯನಿಗೆ ಬೇರೆ ಉದ್ಯೋಗವೇನು? ಆ ತಿರುಗಾಟದಲ್ಲಿ ನನಗೆ ಹೊಳೆದ ಸಂಗತಿ ಇಷ್ಟೆ: ಚಳಿ ಎಂಬುದು ಬರಿಯ ಹವೆಯಲ್ಲ. ಅದು ನಮ್ಮ ಮನೆಗಳಿಗೆ ವರ್ಷಕ್ಕೆ ಮೂರು ತಿಂಗಳು ಬಂದು, ಕೂಲಿ ಕೇಳದೆ ದುಡಿದು ಹೋಗುವ ಒಂದು ಆಳು. ಆ ಆಳು ಬಾರದ ವರ್ಷ ಅದರ ಕೆಲಸ ನಿಲ್ಲುವುದಿಲ್ಲ. ಮನೆಯಲ್ಲಿ ಯಾರಾದರೊಬ್ಬರ ಹೆಗಲಿಗೆ ಬೀಳುತ್ತದೆ. ಯಾರ ಹೆಗಲಿಗೆ ಎಂಬುದನ್ನೇ ನಾನು ಇಲ್ಲಿ ಹೇಳಬೇಕೆಂದಿರುವುದು.

ಮೊದಲು ಚಳಿ ಏಕೆ ಬರಲಿಲ್ಲ ಎಂಬುದನ್ನು ನೋಡೋಣ. ೨೦೨೩ರ ಜೂನ್ ಹೊತ್ತಿಗೆ ಶಾಂತಸಾಗರದ ನಡುಭಾಗದ ನೀರು ವಾಡಿಕೆಗಿಂತ ಬಿಸಿಯಾಗಿತ್ತು. ಕೆಲವು ವರ್ಷಗಳಿಗೊಮ್ಮೆ ಹೀಗಾಗುವುದನ್ನು ಎಲ್ ನಿನೋ ಎಂದು ಕರೆಯುತ್ತಾರೆ. ಪೆರು ದೇಶದ ಬೆಸ್ತರು, ಕ್ರಿಸ್ತನ ಹಬ್ಬದ ಸುಮಾರಿಗೆ ತಮ್ಮ ಕರಾವಳಿಯಲ್ಲಿ ಕಾಣಿಸಿಕೊಳ್ಳುವ ಬಿಸಿನೀರಿಗೆ 'ಶಿಶು' ಎಂಬ ಅರ್ಥದಲ್ಲಿ ಇಟ್ಟ ಹೆಸರು ಅದು. ಶಿಶುವಿನ ಆಟ ಮಾತ್ರ ದೊಡ್ಡದು. ಅಷ್ಟು ದೂರದ ಸಮುದ್ರ ಬಿಸಿಯಾದರೆ ಗಾಳಿಯ ದಾರಿಗಳು ಬದಲಾಗುತ್ತವೆ. ನಮ್ಮ ಮುಂಗಾರು ಅನೇಕ ಸಲ ಸೊರಗುತ್ತದೆ. ೧೯೦೧ರಿಂದ ಲೆಕ್ಕವಿಟ್ಟ ಆಗಸ್ಟ್ ತಿಂಗಳುಗಳಲ್ಲೆಲ್ಲ ನಮ್ಮ ದೇಶಕ್ಕೆ ಅತಿ ಕಡಿಮೆ ಮಳೆಯಾದದ್ದು ೨೦೨೩ರಲ್ಲಿ. ಕರ್ನಾಟಕದ ೨೩೬ ತಾಲ್ಲೂಕುಗಳ ಪೈಕಿ ೨೨೩ ಬರಪೀಡಿತವೆಂದು ಸರಕಾರ ಸಾರಿತು. ಅದೇ ಶಿಶು ಉತ್ತರ ಅಮೆರಿಕದ ಚಳಿಗಾಲವನ್ನೂ ಬೆಚ್ಚಗೆ ಮಾಡಿತು. ಆ ವರ್ಷದ ಚಳಿಗಾಲ ಮಿನಿಸೋಟ ರಾಜ್ಯದ ದಾಖಲೆಯಲ್ಲಿಯೇ ಅತ್ಯಂತ ಬೆಚ್ಚಗಿನ ಚಳಿಗಾಲವೆಂದು ಗಣನೆಗೆ ಬಂದಿತು. ಇಡೀ ಭೂಮಿಯೇ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿರುವುದೂ ಇದಕ್ಕೆ ಕೂಡಿಕೊಂಡಿತು. ಆದುದರಿಂದ ನಮ್ಮ ಅವ್ವನ 'ಅಲ್ಲೂ' ಎಂಬ ಉದ್ಗಾರದಲ್ಲಿ ಶಾಸ್ತ್ರಕ್ಕೆ ವಿರುದ್ಧವಾದುದು ಏನೂ ಇರಲಿಲ್ಲ.

ಇನ್ನು ಇಬ್ಬನಿಯ ಮಾತು. ಇಬ್ಬನಿ ಬಿದ್ದಿತು ಎಂದು ನಾವು ಹೇಳುತ್ತೇವೆಯಾದರೂ ಅದು ಮೇಲಿನಿಂದ ಬೀಳುವುದಿಲ್ಲ. ಹಗಲೆಲ್ಲ ಕಾಯ್ದ ನೆಲವೂ ಎಲೆಯೂ ರಾತ್ರಿ ತಮ್ಮ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತವೆ. ಹಾಗೆ ತಣ್ಣಗಾದ ಎಲೆಯನ್ನು ಮುಟ್ಟಿದ ಗಾಳಿ ತನ್ನಲ್ಲಿರುವ ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಹನಿಯಾಗಿ ಅಲ್ಲಿಯೇ ಇಳಿಸುತ್ತದೆ. ಇದಕ್ಕೆ ಆಕಾಶ ನಿರಭ್ರವಾಗಿರಬೇಕು, ಗಾಳಿ ಸ್ತಬ್ಧವಾಗಿರಬೇಕು, ರಾತ್ರಿ ದೀರ್ಘವಾಗಿರಬೇಕು, ಗಾಳಿಯಲ್ಲಿ ತೇವವೂ ಇರಬೇಕು. ಮೋಡ ಕವಿದರೆ ಅದು ಭೂಮಿಗೆ ಕೌದಿ ಹೊದಿಸಿದಂತೆ. ಕಾವು ಹೊರಗೆ ಹೋಗುವುದಿಲ್ಲ, ಇಬ್ಬನಿ ಕೂಡುವುದಿಲ್ಲ. ಆ ವರ್ಷ ಡಿಸೆಂಬರ್ ೫ರಂದು ಚಂಡಮಾರುತವೊಂದು ಆಂಧ್ರದ ಬಾಪಟ್ಲದ ಬಳಿ ದಡ ಮುಟ್ಟಿತು. ಆ ದಿನಗಳಲ್ಲಿ ನಮ್ಮ ಊರಿನ ಮೇಲೂ ಮೋಡ ಬಂದು ನಿಂತವು. ಮಳೆ ಮಾತ್ರ ಸುರಿಯಲಿಲ್ಲ. ಮಳೆಯನ್ನು ಕೊಡದೆ ಚಳಿಯನ್ನು ಮಾತ್ರ ಕಸಿದುಕೊಂಡು ಹೋದವು.

ಈಗ ಹುನಗುಂದದ ಮನೆ. ನಮ್ಮದು ಎರೆಭೂಮಿ. ಹಿಂಗಾರಿಯಲ್ಲಿ ಬಿಳಿಜೋಳ ಮತ್ತು ಕಡಲೆ. ಹಸ್ತ-ಚಿತ್ತಿ ಮಳೆಗೆ ಬಿತ್ತಿ ಕೈಕಟ್ಟಿ ಕುಳಿತರೆ, ಮುಂದೆ ಒಂದು ಹನಿ ಮಳೆಯಿಲ್ಲದೆಯೂ ಫಲ ಕೊಡುವ ಬೆಳೆ ಇದು. ಹೊರಗಿನವರಿಗೆ ಇದೊಂದು ಸೋಜಿಗ. "ಇಬ್ಬನಿ ಕುಡದು ಬೆಳಿತೈತಿ" ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಮಾತಿನಲ್ಲಿ ಸತ್ಯವೆಷ್ಟು? ಒಂದು ರಾತ್ರಿಯ ಇಬ್ಬನಿಯನ್ನೆಲ್ಲ ಬಳಿದು ಅಳೆದರೆ ಅದು ಅರ್ಧ ಮಿಲಿಮೀಟರ್ ಮಳೆಗೆ ಸಮವಾಗುವುದೂ ಅಪರೂಪ. ಅಷ್ಟರಿಂದ ಜೋಳ ಬೆಳೆಯದು. ಬೆಳೆಗೆ ನೀರು ಕೊಡುವುದು ಎರೆಮಣ್ಣು. ಅದರ ಜೇಡಿ ಮಳೆಯ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಬೇರಿಗೆ ಉಣಿಸುತ್ತದೆ. ಇಬ್ಬನಿ ಮಾಡುವ ಉಪಕಾರ ಬೇರೆಯದು. ಎಲೆ ತೊಯ್ದಿರುವವರೆಗೆ ಬೆಳೆ ತನ್ನ ನೀರನ್ನು ಗಾಳಿಗೆ ಕಳೆದುಕೊಳ್ಳುವುದಿಲ್ಲ. ಸೂರ್ಯ ಮೇಲೇರಿ ಇಬ್ಬನಿ ಆರುವ ತನಕ ನೆಲದ ಗಂಟು ಉಳಿಯುತ್ತದೆ. ಥಂಡಿಯ ಉಪಕಾರವೂ ಹೀಗೆಯೇ. ರಾತ್ರಿ ತಂಪಾಗಿದ್ದರೆ ಪೈರು ಹಗಲು ಕೂಡಿಹಾಕಿದ್ದನ್ನು ರಾತ್ರಿ ಉಸಿರಾಡಿ ಕಳೆದುಕೊಳ್ಳುವುದು ಕಡಿಮೆ; ಕಾಳು ಸಾವಕಾಶವಾಗಿ, ಹೊಟ್ಟೆ ತುಂಬ ಬಲಿಯುತ್ತದೆ. ಅಂದರೆ ಚಳಿ ನಮ್ಮ ಹೊಲಕ್ಕೆ ಹೊಸ ಸಂಪತ್ತನ್ನು ತರುವುದಿಲ್ಲ. ಇದ್ದ ಸಂಪತ್ತನ್ನು ಪೋಲಾಗದಂತೆ ಕಾಯುತ್ತದೆ. ಮನೆಯಲ್ಲಿ ಉಗ್ರಾಣದ ಕೀಲಿಕೈ ಹಿಡಿದ ಹಿರಿಯಳು ಇದ್ದ ಹಾಗೆ.

ಆ ವರ್ಷ ಅಣ್ಣ ಬಿತ್ತಿದ್ದೇ ಅರ್ಧ ಹೊಲ. ನೆಲದ ಗಂಟು ಮೊದಲೇ ಚಿಕ್ಕದು. ಅದನ್ನು ಕಾಯುವವಳೂ ಇಲ್ಲವಾದಳು. ಜೋಳ ಅವಸರದಿಂದ ತೆನೆ ಹಾಯಿತು. ಸೀತನಿ ತಿನ್ನುವ ದಿನಗಳಲ್ಲಿ ಹಾಲುಗಾಳು ನಾಲ್ಕು ದಿನವೂ ನಿಲ್ಲದೆ ಗಟ್ಟಿಯಾಯಿತು. ನೀರಿನ ಕೊರತೆ ಮತ್ತು ನೆಲದ ಕಾವು ಕೂಡಿದಾಗ ಬರುವ ಕಾಂಡಕೊಳೆ ರೋಗ ಕೆಲವು ಸಾಲುಗಳನ್ನು ಮಲಗಿಸಿತು. ಮೋಡದ ದಿನಗಳಲ್ಲಿ ಕಡಲೆಗೆ ಕಾಯಿಕೊರಕ ಹುಳ ಬಿದ್ದಿತು.

ಕಡಲೆಯ ಗಿಡಕ್ಕೆ ಒಂದು ಗುಣವುಂಟು. ಅದರ ಎಲೆ-ಕಾಯಿಗಳ ನವುರಾದ ರೋಮಗಳಿಂದ ಹುಳಿ ಒಸರುತ್ತದೆ. ಸೇಬಿನಲ್ಲಿರುವಂಥ ಆಮ್ಲವೂ ಅದರಲ್ಲಿದೆ. ರಾತ್ರಿ ಗಿಡಗಳ ಮೇಲೆ ತೆಳುವಾದ ಬಿಳಿಯ ಅರಿವೆಯನ್ನು ಹಾಸಿ, ಬೆಳಕು ಹರಿಯುವ ಮೊದಲು ತೆಗೆದು ಹಿಂಡಿದರೆ, ಇಬ್ಬನಿಯೊಡನೆ ಆ ಹುಳಿಯೂ ಬರುತ್ತದೆ. ಹೊಟ್ಟೆನೋವಿಗೆ, ಅಜೀರ್ಣಕ್ಕೆ ನಮ್ಮಲ್ಲಿ ಅದೇ ಔಷಧ. ಅವ್ವ ಪ್ರತಿ ವರ್ಷ ಎಳ್ಳಮಾವಾಸ್ಯೆಯ ಹೊತ್ತಿಗೆ ಒಂದು ಶೀಸೆ ಹುಳಿ ಹಿಡಿದಿಡುವವಳು. ೨೦೨೪ರ ಜನವರಿ ೧೧ರಂದು ಎಳ್ಳಮಾವಾಸ್ಯೆ. ಹಿಂದಿನ ರಾತ್ರಿ ಅವಳು ಎಂದಿನಂತೆ ಅರಿವೆ ಹಾಸಿಸಿದಳು. ಮುಂಜಾನೆ ನಾನೇ ಹೋಗಿ ತಂದುಕೊಟ್ಟೆ. ಅದು ಒಣಗಿತ್ತು. ಅವ್ವ ಅದನ್ನು ಎರಡು ಕೈಯಲ್ಲಿ ಹಿಡಿದು ಒಮ್ಮೆ ಹಿಂಡಿ ನೋಡಿ, ಮಡಚಿ ಗೂಟಕ್ಕೆ ಹಾಕಿದಳು. ಅಂದು ಮಧ್ಯಾಹ್ನ ಹೊಲದಲ್ಲಿ ಚರಗ ಚೆಲ್ಲಿದೆವು; ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾದ ಹೋಳಿಗೆ ಎಲ್ಲವೂ ಇದ್ದವು. ಊಟಕ್ಕೆ ಕುಳಿತವರು ಮಾತ್ರ ಹೊಲದ ಕಡೆಗೆ ಬೆನ್ನು ಮಾಡಿ ಕುಳಿತಿದ್ದರು.

ಸುಗ್ಗಿಯಲ್ಲಿ ಕಾಳು ಬಂದದ್ದು ಮನೆಯ ಊಟಕ್ಕೂ ಸಾಲದಷ್ಟು. ಅದಕ್ಕಿಂತ ದೊಡ್ಡ ಚಿಂತೆ ಕಣಿಕಿಯದು. ಬಿಳಿಜೋಳ ಬೆಳೆಯುವ ರೈತನಿಗೆ ಕಾಳು ಎಷ್ಟು ಮುಖ್ಯವೋ ದಂಟೂ ಅಷ್ಟೇ ಮುಖ್ಯ. ಬಣವೆ ಚಿಕ್ಕದಾದರೆ ದನಗಳ ಹೊಟ್ಟೆ ಚಿಕ್ಕದಾಗುವುದಿಲ್ಲ. ಅಣ್ಣನ ಬಳಿ ಒಂದು ಜೋಡಿ ಎತ್ತುಗಳಿದ್ದವು. ಮೇವು ಕೊಳ್ಳಲು ಹಣವಿಲ್ಲ; ಹಣ ತರಲು ಎರಡೇ ದಾರಿ. ಹುನಗುಂದ, ಬದಾಮಿಯ ಕಡೆಯಿಂದ ಮಂಗಳೂರು, ಉಡುಪಿ, ಗೋವೆಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವುದು ಹೊಸ ಸಂಗತಿಯಲ್ಲ. ನಮ್ಮ ಮನೆಯಿಂದ ಮಾತ್ರ ಅದುವರೆಗೆ ಯಾರೂ ಹೋಗಿರಲಿಲ್ಲ. ಫೆಬ್ರವರಿಯಲ್ಲಿ ಅಣ್ಣನ ಕಿರಿಯ ಮಗ ಮಂಗಳೂರಿಗೆ ಹೋದ. ಅವನು ಕಳಿಸಿದ ಹಣದಿಂದ ಮಾರ್ಚಿಯವರೆಗೆ ಮೇವು ಬಂದಿತು. ಏಪ್ರಿಲ್‌ನಲ್ಲಿ ಅಣ್ಣ ಎತ್ತುಗಳನ್ನು ಅಮೀನಗಡದ ಸಂತೆಗೆ ಹೊಡೆದುಕೊಂಡು ಹೋದ. ಅಂದು ಅವ್ವ ಅವುಗಳ ಗೋದಲಿಯನ್ನು ಕಸಬರಿಗೆಯಿಂದ ಬಳಿದು ಚೊಕ್ಕಟ ಮಾಡಿದಳು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ಆ ಚಳಿಗಾಲದ ಎರಡನೆಯ ಮನೆ ಇಳಕಲ್ಲಿನದು. ಇಳಕಲ್ಲು ಹಿಂದೆ ಹುನಗುಂದ ತಾಲ್ಲೂಕಿಗೆ ಸೇರಿತ್ತು. ಈಗ ತಾನೇ ತಾಲ್ಲೂಕು. ಅಲ್ಲಿ ನನ್ನ ಜೊತೆಗೆ ಓದಿದ ಗೆಳೆಯನೊಬ್ಬನ ಮನೆಯಿದೆ. ತಲೆತಲಾಂತರದಿಂದ ನೇಕಾರಿಕೆ. ಹೊಲದವನಿಗೆ ಚಳಿ ಬೇಕು, ಸರಿ. ನೆರಳಲ್ಲಿ ಕುಳಿತು ನೇಯುವವನಿಗೆ ಅದರಿಂದೇನು ಎಂದು ನಾನೂ ತಿಳಿದಿದ್ದೆ. ಗೆಳೆಯ ನನ್ನನ್ನು ಮಗ್ಗದ ಮನೆಗೆ ಕರೆದೊಯ್ದು ತೋರಿಸಿದ. ಅವನದು ಕುಣಿಮಗ್ಗ. ನೇಕಾರ ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟದಲ್ಲಿ ಕುಳಿತಿರುತ್ತಾನೆ. ಹಾಸು ನೆಲಕ್ಕೆ ಸಮೀಪದಲ್ಲಿ ಹಾಯ್ದಿರುತ್ತದೆ. ನೆಲದ ತೇವ ನೂಲಿಗೆ ತಾಗಿ ಎಳೆ ಮೆತ್ತಗಿರಲಿ ಎಂಬುದೂ ಈ ಏರ್ಪಾಡಿನ ಒಂದು ಗುಣ. ಹವೆ ಒಣಗಿದರೆ ನೂಲು ಪೆಡಸಾಗುತ್ತದೆ. ಪೆಡಸಾದ ಎಳೆ ಪಟ್ಟನೆ ಕಡಿಯುತ್ತದೆ. ಹಾಸಿಗೆ ಗಂಜಿ ಹಾಕುವ ಕೆಲಸವೂ ಹಾಗೆಯೇ. ಓಣಿಯ ಉದ್ದಕ್ಕೂ ನೂಲನ್ನು ಎಳೆದು ಕಟ್ಟಿ, ಗಂಜಿ ಸವರಿ, ಮುಂಜಾನೆಯ ಎಳೆಬಿಸಿಲಿನಲ್ಲಿ ನಿಧಾನವಾಗಿ ಆರಿಸಬೇಕು. ಚಳಿಗಾಲದ ಮುಂಜಾನೆಯಷ್ಟು ಅದಕ್ಕೆ ಹಿತವಾದ ಹೊತ್ತು ಇನ್ನೊಂದಿಲ್ಲ.

ಇಳಕಲ್ಲ ಸೀರೆಯ ಹೆಚ್ಚುಗಾರಿಕೆ ಅದರ ಸೆರಗಿನಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ರೇಶಿಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಸಾವಿರಾರು ಎಳೆಗಳ ಈ ಕೊಂಡಿಯನ್ನು ಗೆಳೆಯನ ಮನೆಯಲ್ಲಿ ಹಾಕುವವಳು ಅವನ ಹೆಂಡತಿ. ಆ ವರ್ಷ ಎಳೆಗಳು ಮೇಲಿಂದ ಮೇಲೆ ಕಡಿದವು. ಕಡಿದ ಪ್ರತಿ ಎಳೆಯನ್ನೂ ಹುಡುಕಿ ಜೋಡಿಸಬೇಕು. ನೆಲ ಕೊಡದ ತೇವವನ್ನು ಆಕೆಯೇ ಕೊಡುತ್ತಿದ್ದಳು: ಗೋಣಿಚೀಲಗಳನ್ನು ನೆನೆಸಿ ಮಗ್ಗದ ಕೆಳಗೆ ಹಾಸುವುದು, ಆರಿದಂತೆ ಮತ್ತೆ ನೆನೆಸುವುದು, ನೆಲಕ್ಕೆ ನೀರು ಚಿಮುಕಿಸುವುದು. ಆ ನೀರನ್ನೂ ಸರದಿಯಲ್ಲಿ ನಿಂತು ಕೊಡ ಹೊತ್ತು ತಂದದ್ದು. "ಹತ್ತು ದಿನದಾಗ ಇಳಿಯೋ ಕೆಲಸ ಹದಿಮೂರು ದಿನ ಹಿಡಿತ್ರೀ ಅಣ್ಣಾರ. ಕೂಲಿ ಹತ್ತು ದಿನದ್ದ" ಎಂದು ಆಕೆ ನಗುತ್ತಲೇ ಹೇಳಿದಳು. ಆ ಮೂರು ದಿನ ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ.

ಇಳಕಲ್ಲ ಸೀರೆ ಉಟ್ಟು ಹಳತಾದ ಮೇಲೆ ಅದರ ಬಾಳು ಮುಗಿಯುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಅದನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡುಗಳನ್ನು ಹೊಂದಿಸಿ, ಸಾಲು ಸಾಲಾಗಿ ಹೊಲಿದು ಕೌದಿ ಮಾಡುತ್ತಾರೆ. ಕೌದಿಗೆ ಸ್ವಂತ ಕಾವೆಂಬುದಿಲ್ಲ. ಪದರುಗಳ ನಡುವೆ ಸಿಕ್ಕಿಕೊಂಡ ಗಾಳಿ ನಮ್ಮ ಮೈಯ ಕಾವನ್ನು ಹೊರಗೆ ಬಿಡುವುದಿಲ್ಲ, ಅಷ್ಟೆ. ಇದನ್ನು ನಾನು ಅಣ್ಣನ ಮಗಳಿಗೆ ಫೋನಿನಲ್ಲಿ ವಿವರಿಸುತ್ತಿದ್ದಾಗ ಅವಳು ಇನ್ನೊಂದು ಮಾತು ಹೇಳಿದಳು. ಹಿಮವೂ ಹೀಗೆಯೇ ಅಂತೆ. ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ. ಚಳಿಗಾಲಕ್ಕೆ ಮುಂಚೆ ಗೋದಿ ಬಿತ್ತುವ ಅಲ್ಲಿಯ ರೈತರಿಗೆ ಹೊಲದ ಮೇಲೆ ಹಿಮ ನಿಂತಿರಬೇಕು. ಇಲ್ಲವಾದರೆ ಕೊರೆಯುವ ಗಾಳಿಗೆ ಸಸಿ ಸಾಯುತ್ತದೆ. ತಣ್ಣನೆಯ ಹಿಮವೇ ನೆಲಕ್ಕೆ ಹೊದಿಕೆ! ಅವ್ವ ಹೊಲಿದುಕೊಟ್ಟ ಕೌದಿಯೊಂದು ಅವಳ ಮನೆಯಲ್ಲಿದೆ. ಆ ವರ್ಷ ಅದನ್ನು ಅಲ್ಲಿಯೂ ಗಂಟು ಬಿಚ್ಚಿ ತೆಗೆಯಲಿಲ್ಲವಂತೆ, ಇಲ್ಲಿಯೂ ತೆಗೆಯಲಿಲ್ಲ.

ಮೂರನೆಯದು ಬದಾಮಿಯ ಬದಿಯಲ್ಲಿರುವ ನಮ್ಮ ಅಕ್ಕನ ಮನೆ. ಚಾಲುಕ್ಯರು ಆರನೆಯ ಶತಮಾನದಲ್ಲಿ ಗುಹಾಲಯಗಳನ್ನು ಕೊರೆಸಿದ ಆ ಕೆಂಪು ಮರಳುಗಲ್ಲಿನ ಬೆಟ್ಟಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಹಳ ಹೊತ್ತು ಅದನ್ನು ಉಗುಳುತ್ತಿರುತ್ತವೆ. ಅಲ್ಲಿಯ ಜನರಿಗೆ ಚಳಿಗಾಲವೆಂದರೆ ಬನಶಂಕರಿಯ ಜಾತ್ರೆ. ಪುಷ್ಯ ಮಾಸದ ಹುಣ್ಣಿಮೆಗೆ ಬನದ ಹುಣ್ಣಿಮೆ ಎಂದು ಹೆಸರು. ೨೦೨೪ರಲ್ಲಿ ಅದು ಜನವರಿ ೨೫ಕ್ಕೆ ಬಂದಿತ್ತು. ಬನಶಂಕರಿಗೆ ಶಾಕಂಬರಿ ಎಂಬ ಹೆಸರೂ ಉಂಟು. ಲೋಕಕ್ಕೆ ದೀರ್ಘ ಬರ ಬಂದಾಗ ದೇವಿ ತನ್ನ ಮೈಯಿಂದಲೇ ಕಾಯಿಪಲ್ಯಗಳನ್ನು ಬೆಳೆದು ಜೀವಿಗಳನ್ನು ಸಾಕಿದಳೆಂದು ಪುರಾಣ ಹೇಳುತ್ತದೆ. ಆ ನೆನಪಿಗೆ ಪಲ್ಯದ ಹಬ್ಬದಲ್ಲಿ ೧೦೮ ಬಗೆಯ ಕಾಯಿಪಲ್ಯಗಳ ನೈವೇದ್ಯವಾಗುತ್ತದೆ. ಬರಗಾಲದ ವರ್ಷದಲ್ಲಿ ಬರಗಾಲದ ದೇವಿಯ ಜಾತ್ರೆ. ಜನ ಎಂದಿನಂತೆಯೇ ಸೇರಿದ್ದರು.

ಅಕ್ಕನ ಮನೆಗೆ ಜಾತ್ರೆಯ ದಿನಗಳಲ್ಲಿ ಇಪ್ಪತ್ತು-ಇಪ್ಪತ್ತೈದು ಜನ ಬಂದು ಇಳಿಯುವುದು ವಾಡಿಕೆ. ಇಷ್ಟು ಜನರನ್ನು ಅಕ್ಕ ಹೇಗೆ ಸಂಭಾಳಿಸುತ್ತಾಳೆಂದು ನಾನು ಬೆರಗಾಗುತ್ತಿದ್ದೆ. ಆ ವರ್ಷ ಗುಟ್ಟು ತಿಳಿಯಿತು. ಅವಳಿಗೊಬ್ಬ ಸಹಾಯಕನಿದ್ದ, ಅವನೇ ಚಳಿ. ಮುಂಜಾನೆ ಮಾಡಿದ ಪಲ್ಯ ಸಂಜೆಯವರೆಗೆ ಕೆಡುತ್ತಿರಲಿಲ್ಲ. ರಾತ್ರಿ ಹೆಪ್ಪು ಹಾಕಿದ ಮೊಸರು ಮರುದಿನ ಮಧ್ಯಾಹ್ನವೂ ಸಿಹಿಯಾಗಿರುತ್ತಿತ್ತು. ದೇವರ ದರ್ಶನಕ್ಕೆ ಹೋದವರಿಗೆ ಕಟ್ಟಿಕೊಟ್ಟ ಮೊಸರನ್ನದ ಬುತ್ತಿ ಹಳಸುತ್ತಿರಲಿಲ್ಲ. ಆ ವರ್ಷ ಮಧ್ಯಾಹ್ನಕ್ಕೇ ಪಲ್ಯ ಹಳಸಿತು, ಮೊಸರು ಹುಳಿಯಾಯಿತು. ಬರದ ವರ್ಷ ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದು. ಆದುದರಿಂದ ಅಕ್ಕ ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪವೇ ಬೇಯಿಸುತ್ತ ದಿನಕ್ಕೆ ಮೂರು ಸಲ ಒಲೆಯ ಮುಂದೆ ಕುಳಿತಳು. ಜಾತ್ರೆಯಲ್ಲಿ ನಾಟಕ ಕಂಪನಿಗಳು ಬಿಡಾರ ಹೂಡಿ ರಾತ್ರಿಯೆಲ್ಲ ಆಡುತ್ತವೆ. ಮೊದಲು ಕಂಬಳಿ ಹೊದ್ದು ನಾಟಕ ನೋಡುತ್ತಿದ್ದ ಜನ ಆ ಸಲ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತಿದ್ದರು. ಅಕ್ಕ ಈ ವರ್ಷವಾದರೂ ನಾಟಕ ನೋಡಬೇಕೆಂದಿದ್ದಳು. ನೋಡಲಿಲ್ಲ.

ನಾಲ್ಕನೆಯ ಮನೆ ಬಾಗಲಕೋಟೆಯ ನವನಗರದಲ್ಲಿರುವ ನನ್ನದೇ. ಬಾಗಲಕೋಟೆ ೧೯೯೭ರಲ್ಲಿ ಜಿಲ್ಲೆಯ ಕೇಂದ್ರವಾಯಿತು. ಅದೇ ಕಾಲದಲ್ಲಿ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರಿನ ಎಷ್ಟೋ ಓಣಿಗಳು ಹೋಗಿ, ಜನ ನವನಗರಕ್ಕೆ ಬಂದರು. ಹಳೆಯ ಊರಿನಲ್ಲಿ ನಾವಿದ್ದ ಮನೆ ದಪ್ಪ ಗೋಡೆಯದು, ಮಣ್ಣಿನ ಮೇಲ್ಮುದ್ದೆಯದು. ನಡುವೆ ಬೆಳಕಿಂಡಿ. ಮಣ್ಣು ಕಾವನ್ನು ಬೇಗ ಒಳಕ್ಕೆ ಬಿಡುವುದಿಲ್ಲ. ನವನಗರದಲ್ಲಿ ಎಲ್ಲರಂತೆ ನಾನೂ ಸಿಮೆಂಟಿನ ತಾರಸಿ ಹಾಕಿಸಿದೆ. ಅದು ಹಗಲು ಕಾಯ್ದು, ಮನೆಯವರು ಮಲಗುವ ಹೊತ್ತಿಗೆ ಸರಿಯಾಗಿ ಕಾವನ್ನು ಕೆಳಗಿಳಿಸತೊಡಗುತ್ತದೆ. ಚಳಿಗಾಲದ ರಾತ್ರಿಯ ತಂಪು ಈ ದೋಷವನ್ನು ಮುಚ್ಚಿಕೊಂಡಿತ್ತು. ನಾವು ನಮ್ಮ ಮನೆ ಚೆನ್ನಾಗಿದೆಯೆಂದೇ ನಂಬಿದ್ದೆವು.

ಹಳ್ಳಿಯಲ್ಲಿ ನೀರಿನ ತಾಪತ್ರಯ ಹೆಚ್ಚಾದುದರಿಂದ ಫೆಬ್ರವರಿಯಲ್ಲಿ ಅವ್ವನನ್ನು ನಮ್ಮ ಮನೆಗೆ ಕರೆತಂದೆವು. ಎಂಬತ್ತು ದಾಟಿದ ಜೀವ. ರಾತ್ರಿ ನಿದ್ದೆ ಬಾರದು. "ಮನಿ ಮೈ ಕಾದಂಗ ಕಾದೈತಿ" ಎಂದು ಎದ್ದು ಕೂಡುವಳು. ನನ್ನ ಹೆಂಡತಿ ಸಂಜೆ ಹಾಸಿಗೆಯನ್ನು ತಾರಸಿಗೆ ಹೊತ್ತು, ಅವ್ವನನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿ, ನಡುರಾತ್ರಿ ಅವಳಿಗೆ ಮೈ ಜುಮ್ಮೆಂದಾಗ ಮತ್ತೆ ಕೆಳಗಿಳಿಸಿ ಮಲಗಿಸುವಳು. ಹೀಗೆ ಸುಮಾರು ಒಂದು ತಿಂಗಳು. ಆ ತಿಂಗಳು ನಾನು ಮಾಡಿದ ಕೆಲಸವೇನೆಂದು ನೀವು ಕೇಳಿದರೆ ನಾಚಿಕೆಯಾಗುತ್ತದೆ. ನಾನು ಒಂದು ವಹಿಯಲ್ಲಿ ದಿನದಿನದ ಉಷ್ಣತೆಯನ್ನು ಬರೆದಿಡುತ್ತಿದ್ದೆ.

ಆ ವಹಿಯನ್ನು ತೆರೆದು ನೋಡಿದಾಗಲೇ ನನಗೆ ಈ ಮಾತು ಸ್ಪಷ್ಟವಾದದ್ದು. ಬರವನ್ನು ಅಳೆಯಲು ಮಳೆಮಾಪಕವಿದೆ. ಬೆಳೆ ಹಾನಿಗೆ ಪಂಚನಾಮೆಯಿದೆ, ಎಕರೆಯ ಲೆಕ್ಕವಿದೆ, ಪರಿಹಾರವಿದೆ. ಅವೆಲ್ಲ ಬೇಕಾದವುಗಳೇ. ಆದರೆ ಬಾರದ ಚಳಿಯ ಲೆಕ್ಕವನ್ನು ಇಡುವವರು ಯಾರು? ಮಗ್ಗದ ಕೆಳಗೆ ನೆನೆಸಿ ಹಾಸಿದ ಗೋಣಿಚೀಲಕ್ಕೆ ಪಂಚನಾಮೆಯಿಲ್ಲ. ಮೂರನೆಯ ಸಲ ಹೊತ್ತಿಸಿದ ಒಲೆಗೆ ಇಲ್ಲ. ನಡುರಾತ್ರಿಯ ಮೆಟ್ಟಿಲಿಗೂ ಇಲ್ಲ. ಲೋಕದ ಹವೆ ಅರ್ಧ ಡಿಗ್ರಿ, ಒಂದು ಡಿಗ್ರಿ ಏರಿತೆಂದು ವಿಜ್ಞಾನಿಗಳು ಹೇಳುವಾಗ, ಇಷ್ಟರಿಂದ ಏನಾದೀತು ಎಂದು ನಾವು ಕೇಳುತ್ತೇವೆ. ಏನಾಗುತ್ತದೆಂಬುದು ಮನೆಯ ಒಳಗೆ ಗೊತ್ತು. ಅದನ್ನು ಬಲ್ಲವರು ಹೆಚ್ಚಾಗಿ ಹೆಂಗಸರು. ಅವರನ್ನು ಯಾರೂ ಕೇಳುವುದಿಲ್ಲ, ಕೇಳದಿದ್ದುದಕ್ಕೆ ಅವರು ಹೇಳುವುದೂ ಇಲ್ಲ.

ನಾವು ಮಾಡಬಹುದಾದ ಕೆಲಸ ಕೆಲವು ಇಲ್ಲದಿಲ್ಲ. ಎರೆಹೊಲಕ್ಕೆ ಒಡ್ಡು ಹಾಕಿ ಮಳೆನೀರನ್ನು ನಿಲ್ಲಿಸುವ ವಿದ್ಯೆ ಹುನಗುಂದದ ಸೀಮೆಗೆ ಹೊಸದಲ್ಲ. ಒಡ್ಡು ಗಟ್ಟಿಯಿದ್ದ ಹೊಲಗಳಲ್ಲಿ ಆ ವರ್ಷವೂ ಜೋಳ ಸ್ವಲ್ಪ ತಾಳಿಕೊಂಡಿತೆಂದು ಅಣ್ಣ ಹೇಳಿದ. ಕಟ್ಟುವ ಮನೆಗಳಲ್ಲಿ ಮಣ್ಣಿನ ಗೋಡೆಯ ಗುಣವನ್ನು ಮತ್ತೆ ನೆನೆಯಬಹುದು. ತಾರಸಿಗೆ ಸುಣ್ಣವನ್ನಾದರೂ ಬಳಿಯಬಹುದು. ನಾನು ಮಾರ್ಚಿಯಲ್ಲಿ ಬಳಿಸಿದೆ. ಅವ್ವನ ನಿದ್ದೆ ಸ್ವಲ್ಪ ಸುಧಾರಿಸಿತು. ಹೆಂಡತಿ, "ಇದನ್ನ ಮೊದಲ ಮಾಡಬೇಕಿತ್ತು" ಎಂದಳು. ನಾನು ಎದುರಾಡಲಿಲ್ಲ.

೨೦೨೪ರ ಮುಂಗಾರು ವಾಡಿಕೆಗಿಂತ ಹೆಚ್ಚು ಸುರಿಯಿತು. ಆ ವರ್ಷದ ಚಳಿಗಾಲಕ್ಕೆ ನಮ್ಮ ಊರಿಗೆ ಥಂಡಿಯೂ ಬಂದಿತು, ಇಬ್ಬನಿಯೂ ಬಂದಿತು. ಹೊಲವನ್ನು ಅಣ್ಣ ಬಾಡಿಗೆ ಟ್ರ್ಯಾಕ್ಟರಿನಿಂದ ಹರಗಿಸಿದ್ದ. ಹೋದ ಚಳಿ ಮರುವರ್ಷ ತಿರುಗಿ ಬರಬಹುದು. ಸಂತೆಗೆ ಹೋದ ಎತ್ತು ತಿರುಗಿ ಬರುವುದಿಲ್ಲ. ಮಂಗಳೂರಿಗೆ ಹೋದ ಹುಡುಗನೂ ಹಬ್ಬಕ್ಕೆ ರಜೆ ಸಿಗಲಿಲ್ಲವೆಂದು ತಿಳಿಸಿದ.

ಡಿಸೆಂಬರ್ ೩೦ರಂದು ಎಳ್ಳಮಾವಾಸ್ಯೆ. ಹಿಂದಿನ ರಾತ್ರಿ ಅವ್ವ ಗೂಟದಲ್ಲಿದ್ದ ಅರಿವೆಯನ್ನು ತೆಗೆಸಿ ಕಡಲೆಯ ಮೇಲೆ ಹಾಸಿಸಿದಳು. ಮುಂಜಾನೆ ಅದು ಭಾರವಾಗಿತ್ತು. ಅವಳ ಕೈಯಲ್ಲಿ ಬಲವಿಲ್ಲದ್ದರಿಂದ ನಾನೇ ಹಿಂಡಿದೆ. ಅವಳು ಶೀಸೆ ಹಿಡಿದಳು. ಎರಡು ಶೀಸೆ ತುಂಬಿದವು. ಒಂದನ್ನು ಮಾಡದಲ್ಲಿ ಇಟ್ಟಳು. ಇನ್ನೊಂದಕ್ಕೆ ಬಿರಡೆ ಬಿಗಿದು, ಅರಿವೆ ಸುತ್ತಿ, ನನ್ನ ಕೈಗೆ ಕೊಟ್ಟಳು. "ಮಂಗಳೂರಿಗೆ ಹೋಗವ್ರು ಯಾರರ ಇದ್ರ ಕೊಟ್ಟು ಕಳಸು. ಹೊರಗಿನ ಕೂಳು, ಹುಡುಗಗ ಹೊಟ್ಟಿ ನೋಯ್ತಿರತೈತಿ" ಎಂದಳು.